ಹುಯಿಲಿನಿಂದ ಜಯಪತ್ರದವರೆಗೆ

(ವಿಶಾಖಪಟ್ಟಣದ ಋಷಿಕೊಂಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ನ್ಯಾಯಸ್ಥಾನದ ವ್ಯವಹಾರಕ್ರಮದಲ್ಲಿ ಪರಂಪರೆಯಿಂದ ನಡೆದುಬಂದಿರುವ ಕೆಲವು ಪದಗಳ ಅರ್ಥವನ್ನು ವಿಚಾರ ಮಾಡುವುದು ಈ ಹೊತ್ತಿನ ಉಪನ್ಯಾಸದ ವಿಷಯ. ಅರ್ಥವೆಂದೊಡನೆ ನಿಘಂಟಿಗೆ ಕೈಚಾಚುವುದು ವಿದ್ಯಾವಂತರಿಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ವಾದಿಯೆಂದರೆ ವಾದ ಹೂಡುವವನು, ಸಾಕ್ಷಿಯೆಂದರೆ ಕಣ್ಣಾರೆ ಕಂಡವನು, ನಿರ್ಣಯವೆಂದರೆ ತೀರ್ಮಾನ ಎಂದು ಮೂರು ಸಾಲು ಬರೆದುಕೊಂಡು ನಿಘಂಟನ್ನು ಮುಚ್ಚಿದವನಿಗೆ ವಿಷಯ ಮುಗಿದಂತೆ ತೋರಿದರೂ, ಹೊಲದ ತಕರಾರಿಗಾಗಿ ನ್ಯಾಯಸ್ಥಾನದ ಮೆಟ್ಟಿಲೇರಬೇಕಾಗಿ ಬಂದ ಬೇಸಾಯಗಾರನಿಗೆ ಅದರಿಂದ ಬಿಡಿಗಾಸಿನ ಉಪಕಾರವೂ ಆಗುವುದಿಲ್ಲ. ಏಕೆಂದರೆ ಈ ಪದಗಳಲ್ಲಿ ಒಂದೊಂದೂ, ಗೊತ್ತಾದ ಒಂದು ಗಳಿಗೆಯಲ್ಲಿ, ಗೊತ್ತಾದ ಒಬ್ಬ ಮನುಷ್ಯನ ಮೇಲೆ, ಗೊತ್ತಾದ ಒಂದು ಹೊಣೆಯನ್ನು ಹೊರಿಸುತ್ತದೆ. ಯಾರ ಮೇಲೆ, ಯಾವಾಗ, ಎಷ್ಟು ಹೊಣೆ ಎಂಬುದನ್ನು ಅರಿಯದೆ ಪದವನ್ನು ಮಾತ್ರ ಅರಿತವನು ಏನನ್ನೂ ಅರಿತಂತಾಗಲಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಉಳಿದುದೆಲ್ಲ ಇದರ ವಿಸ್ತಾರ.

ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ನಾವು ಸೇರಿರುವ ಈ ಋಷಿಕೊಂಡದ ಬೆಟ್ಟವೇ ಕೆಲವು ವರ್ಷಗಳ ಹಿಂದೆ ನ್ಯಾಯಾಲಯದ ಕಡತಗಳನ್ನು ಹೊಕ್ಕಿತು. ಪ್ರವಾಸೋದ್ಯಮದ ಕಟ್ಟಡಗಳಿಗಾಗಿ ಬೆಟ್ಟವನ್ನು ಅಗೆಯುವುದರ ವಿಷಯವಾಗಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯದಲ್ಲಿ ವ್ಯವಹಾರ ನಡೆಯುತ್ತಿರುವಾಗಲೇ, ಲೋಕಸಭಾ ಸದಸ್ಯರೊಬ್ಬರ ದೂರಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2022ರ ಮೇ ತಿಂಗಳಲ್ಲಿ ಕೆಲಸಕ್ಕೆ ತಡೆಯಾಜ್ಞೆಯನ್ನು ಕೊಟ್ಟಿತು. ಹೀಗೆ ಒಂದೇ ಬೆಟ್ಟದ ಮೇಲೆ ಎರಡು ಪೀಠಗಳ ಮಾತು ಎರಡಾಯಿತು. ಅದೇ ವರ್ಷದ ಜೂನ್ 1ರಂದು ಸರ್ವೋಚ್ಚ ನ್ಯಾಯಾಲಯವು, ಸಂವಿಧಾನದಿಂದ ಹುಟ್ಟಿದ ನ್ಯಾಯಾಲಯದ ಆಜ್ಞೆಯು ಶಾಸನದಿಂದ ಹುಟ್ಟಿದ ಮಂಡಳಿಯ ಆಜ್ಞೆಗಿಂತ ಮೇಲಾದುದೆಂದು ಹೇಳಿ, ಮಂಡಳಿಯ ಮುಂದಿದ್ದ ನಡವಳಿಯನ್ನು ರದ್ದುಪಡಿಸಿ, ವಿಷಯವನ್ನು ಉಚ್ಚ ನ್ಯಾಯಾಲಯಕ್ಕೇ ಬಿಟ್ಟುಕೊಟ್ಟು, ಅದು ಪರಿಶೀಲಿಸುವವರೆಗೆ ಹಿಂದೆ ಕಟ್ಟಡವಿದ್ದ ಜಾಗದಲ್ಲಿಯೂ ಸಮತಟ್ಟಾದ ನೆಲದಲ್ಲಿಯೂ ಮಾತ್ರ ಕಟ್ಟಬಹುದು, ಹೊಸದಾಗಿ ಅಗೆದ ಕಡೆ ಕೂಡದು ಎಂದು ಗೆರೆಯೆಳೆಯಿತು. ಆ ಕಟ್ಟಡಗಳ ಸುತ್ತ ಎದ್ದ ರಾಜಕೀಯದ ಗದ್ದಲ ನಮಗೆ ಬೇಡ. ನನ್ನ ಕಣ್ಣಿಗೆ ಬಿದ್ದುದು ಎರಡು ಸಂಗತಿಗಳು. ಮೊದಲನೆಯದು, ಎರಡು ಪೀಠಗಳ ಮಾತು ಬೇರೆಯಾದಾಗ ಯಾವುದು ಹೆಚ್ಚು ತೂಕದ್ದೆಂಬ ಪ್ರಶ್ನೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಅರಸನು ನೇಮಿಸಿದ ಸಭೆ, ಊರಿನ ಪೂಗ, ಕಸುಬುದಾರರ ಶ್ರೇಣಿ, ಮನೆತನದ ಕುಲ ಎಂದು ನಾಲ್ಕನ್ನು ಹೆಸರಿಸಿ, ಮೊದಲು ಹೇಳಿದುದೇ ಮುಂದಿನದಕ್ಕಿಂತ ‘ಗುರು’ವೆಂದು ವಿಧಿಸಿರುವುದು ಈ ಪ್ರಶ್ನೆಗೇ ಕೊಟ್ಟ ಉತ್ತರವಾಗಿದೆ. ಎರಡನೆಯದು ತಡೆಯಾಜ್ಞೆ. ಅದಕ್ಕೆ ಹಳೆಯ ಗ್ರಂಥಗಳಲ್ಲಿ ‘ಆಸೇಧ’ವೆಂದು ಹೆಸರು, ಅದರ ಮಾತನ್ನು ಮುಂದೆ ಅದರ ಸ್ಥಾನದಲ್ಲಿ ಆಡುತ್ತೇನೆ.

ಹಳೆಯ ಗ್ರಂಥವೆಂದಾಗ ನನ್ನ ಮನಸ್ಸಿನಲ್ಲಿರುವುದು ಮುಖ್ಯವಾಗಿ ಮಿತಾಕ್ಷರಾ. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಈ ವ್ಯಾಖ್ಯಾನವು ಹುಟ್ಟಿದುದು ಕನ್ನಡ ನಾಡಿನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ; 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಗ್ರಂಥದ ಕೊನೆಯಲ್ಲಿ ಆತನು ಆ ನಗರವನ್ನೂ ಆ ಅರಸನನ್ನೂ ಹೊಗಳುವ ಉತ್ಸಾಹದಲ್ಲಿ ತನ್ನನ್ನೂ ಮರೆತಿಲ್ಲ. ಅದೇ ವಿಕ್ರಮಾದಿತ್ಯನ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ತೆಲುಗು ಸೀಮೆಯ ವೇಂಗಿನಾಡು ಅವನ ದಂಡನಾಯಕನಾದ ಅನಂತಪಾಲನ ಕೈಯಲ್ಲಿತ್ತು. ಅರಸರ ಸಂಬಂಧ ಬೇಗನೆ ಕಡಿಯಿತು. ಗ್ರಂಥದ ಸಂಬಂಧ ಕಡಿಯಲಿಲ್ಲ. ಹದಿಮೂರನೆಯ ಶತಮಾನದಲ್ಲಿ, ತೆಲುಗು ಕವಿ ತಿಕ್ಕನನಿಗೆ ತನ್ನ ದಶಕುಮಾರಚರಿತ್ರಮುವನ್ನು ಅಂಕಿತಮಾಡಿದ ಕೇತನನು ಮಿತಾಕ್ಷರೆಯನ್ನು ‘ವಿಜ್ಞಾನೇಶ್ವರೀಯಮು’ ಎಂಬ ಹೆಸರಿನಿಂದ ತೆಲುಗು ಪದ್ಯಕ್ಕೆ ತಂದನು. ತೆಲುಗಿಗೆ ವ್ಯಾಕರಣ ಬರೆದ ಕೈಯೇ ವ್ಯವಹಾರಶಾಸ್ತ್ರವನ್ನೂ ತೆಲುಗು ಮಾಡಿತೆಂಬುದು ಗಮನಿಸತಕ್ಕ ವಿಷಯ. ಕಲ್ಯಾಣದಲ್ಲಿ ಹುಟ್ಟಿದ ಪುಸ್ತಕ ನೆಲ್ಲೂರಿನ ಸೀಮೆಯಲ್ಲಿ ಪದ್ಯವಾಯಿತೆಂದು ಕನ್ನಡಿಗರಾದ ನಾವು ನಮ್ಮ ತೆಲುಗು ಮಿತ್ರರ ಮುಂದೆ ಸಂತೋಷದಿಂದಲೂ ಸ್ವಲ್ಪ ಅಸೂಯೆಯಿಂದಲೂ ಹೇಳಿಕೊಳ್ಳಬಹುದು.

ಆದರೆ ಮಿತಾಕ್ಷರೆಯ ಕೀರ್ತಿ ಒಂದು ಪಕ್ಕಕ್ಕೆ ವಾಲಿದ ಕೀರ್ತಿ. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಕಲಕತ್ತೆಯಲ್ಲಿ ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದಂದಿನಿಂದ, ಬಂಗಾಳ ಅಸ್ಸಾಮುಗಳನ್ನು ಬಿಟ್ಟು ಮಿಕ್ಕ ದೇಶದ ನ್ಯಾಯಾಧೀಶರಿಗೆ ಮಿತಾಕ್ಷರೆಯೆಂದರೆ ಅಣ್ಣತಮ್ಮಂದಿರ ಆಸ್ತಿಪಾಲಿನ ಪುಸ್ತಕವೆಂದಾಯಿತು. ಪಾಲಿನ ಮಾತಿಗಿಂತ ಮುಂಚೆ, ವ್ಯವಹಾರಾಧ್ಯಾಯದ ಆರಂಭದಲ್ಲಿ, ನ್ಯಾಯಸ್ಥಾನದೊಳಗೆ ಮಾತನ್ನು ಹೇಗೆ ಆಡಬೇಕು, ಹೇಗೆ ಬರೆಯಬೇಕು, ಹೇಗೆ ಕೇಳಬೇಕು ಎಂಬುದನ್ನು ವಿಜ್ಞಾನೇಶ್ವರನು ಬಿಡಿಸಿ ಹೇಳಿರುವ ಭಾಗವಿದೆ. ನನ್ನ ಅಭಿಪ್ರಾಯದಲ್ಲಿ ಆತನ ಪ್ರತಿಭೆಯ ನಿಜವಾದ ತೇಜಸ್ಸು ಇರುವುದು ಅಲ್ಲಿ.

ಮೊದಲು ಒಂದು ಕೂಗು. ನೊಂದವನು ಬಂದು ಕೂಗಿಕೊಳ್ಳುತ್ತಾನೆ. ನಮ್ಮ ಠಾಣೆಗಳಲ್ಲಿ ಇಂದಿಗೂ ನಡೆಯುವ ‘ಫಿರ್ಯಾದು’ ಎಂಬ ಪಾರಸಿ ಮಾತಿಗೆ ಮೊರೆ, ಕೂಗು ಎಂದೇ ಅರ್ಥ. ಕನ್ನಡದ ‘ಹುಯಿಲು’ ಎಂಬುದಕ್ಕೂ ಅದೇ ಅರ್ಥ, ಮತ್ತು ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಜನರು ತಮ್ಮ ವ್ಯಾಜ್ಯಗಳನ್ನು ತಂದೊಪ್ಪಿಸುವ ಪದ್ಧತಿಗೆ ‘ಹೊಯ್ಲು’ ಎಂಬ ಹೆಸರು ಈಗಲೂ ನಿಂತಿದೆ. ಕೂಗಿಗೆ ವರ್ಷ ತಿಂಗಳುಗಳಿಲ್ಲ, ಎಲ್ಲೆಕಟ್ಟುಗಳಿಲ್ಲ, ಎದುರಾಳಿಯ ಹೆಸರು ಕೂಡ ಕೆಲವು ವೇಳೆ ಸರಿಯಾಗಿರುವುದಿಲ್ಲ. ಕೂಗನ್ನು ಕೇಳಿ ಕರುಣೆಪಡಬಹುದೇ ಹೊರತು ಅದಕ್ಕೆ ಯಾರೂ ಉತ್ತರ ಕೊಡಲಾರರು. ಉತ್ತರ ಕೊಡಲು ಆಗುವಂಥ ಮಾತನ್ನಾಗಿ ಕೂಗನ್ನು ಮಾರ್ಪಡಿಸುವುದೇ ವ್ಯವಹಾರದ ಮೊದಲನೆಯ ಕೆಲಸ. ಅದಕ್ಕಾಗಿಯೇ ಮಿತಾಕ್ಷರೆಯಲ್ಲಿ ಎರಡು ಹಂತಗಳು. ‘ಆವೇದನ’ದ ಕಾಲದಲ್ಲಿ ವಿಷಯವನ್ನಷ್ಟೇ ಬರೆದುಕೊಳ್ಳತಕ್ಕದ್ದು, ಎದುರಾಳಿಯನ್ನು ಕರೆಸಿದ ಮೇಲೆ, ಅವನ ಕಣ್ಣೆದುರಿಗೆ, ವರ್ಷ, ಮಾಸ, ಪಕ್ಷ, ದಿನ, ಹೆಸರು ಮುಂತಾದ ಗುರುತುಗಳೊಡನೆ ಅದನ್ನೇ ಮತ್ತೆ ಬರೆಯತಕ್ಕದ್ದು. ಹೀಗೆ ಬರೆದುದಕ್ಕೆ ‘ಭಾಷೆ’, ‘ಪ್ರತಿಜ್ಞೆ’, ‘ಪಕ್ಷ’ ಎಂಬ ಹೆಸರುಗಳುಂಟು. ಮೊದಲು ಹಲಗೆಯ ಮೇಲೋ ನೆಲದ ಮೇಲೋ ಬಳಪದಿಂದ ಗೀಚಿ, ಹೆಚ್ಚು ಕಡಮೆಗಳನ್ನು ತಿದ್ದಿ, ಬಳಿಕ ಪತ್ರಕ್ಕೆ ಏರಿಸಬೇಕೆಂಬ ವಿಧಿಯೂ ಇದೆ. ತಿದ್ದುವ ಸ್ವಾತಂತ್ರ್ಯಕ್ಕೆ ಗಡಿ ಯಾವುದು? ಪ್ರತಿವಾದಿಯ ಉತ್ತರ ಬರುವವರೆಗೆ ಮಾತ್ರ. ಉತ್ತರ ಬಂದ ಬಳಿಕ ವಾದಿ ತನ್ನ ಮಾತಿಗೆ ಕಟ್ಟುಬಿದ್ದವನು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರನೆಯ ಆದೇಶದ 17ನೆಯ ನಿಯಮಕ್ಕೆ 2002ರಲ್ಲಿ ಸೇರಿಸಿದ ತಿದ್ದುಪಡಿ ಈ ಗಡಿಯನ್ನು ವಿಚಾರಣೆಯ ಆರಂಭಕ್ಕೆ ತಂದು ನಿಲ್ಲಿಸಿದೆ. ತಕ್ಕ ಎಚ್ಚರವಿದ್ದರೂ ಮುಂಚೆ ಹೇಳಲಾಗಲಿಲ್ಲವೆಂದು ತೋರಿಸಿದವನಿಗೆ ಒಂದು ಸಣ್ಣ ಕಿಂಡಿಯನ್ನು ಬಿಟ್ಟಿದೆ. ಆದುದರಿಂದ ‘ಪ್ರತಿಜ್ಞೆ’ಯೆಂಬ ಪದದ ಅರ್ಥವೇನೆಂದರೆ, ಇಲ್ಲಿಂದಾಚೆಗೆ ಮಾತು ಬದಲಿಸೆನೆಂಬ ಕಟ್ಟು. ದೂರುಪತ್ರವೆಂದು ಅದನ್ನು ಕರೆದಾಗ ದೂರು ಮಾತ್ರ ಉಳಿಯುತ್ತದೆ, ಕಟ್ಟು ಬಿಟ್ಟುಹೋಗುತ್ತದೆ.

ಎಲ್ಲ ಪಕ್ಷವೂ ಪಕ್ಷವಲ್ಲ. ನೋಡಲು ಪಕ್ಷದಂತೆ ತೋರಿ ವಿಚಾರಣೆಗೆ ನಿಲ್ಲದಿರುವುದು ‘ಪಕ್ಷಾಭಾಸ’. ಇದರ ಪ್ರಭೇದಗಳನ್ನು ಹೇಳುವಾಗ ವಿಜ್ಞಾನೇಶ್ವರನು ಕೊಟ್ಟಿರುವ ನಿದರ್ಶನಗಳನ್ನು ಓದಿದರೆ, ಈ ಸಂನ್ಯಾಸಿ ನ್ಯಾಯಸಭೆಯ ಮೂಲೆಯಲ್ಲಿ ಬಹುಕಾಲ ಕುಳಿತು ನಗುವನ್ನು ತಡೆದುಕೊಂಡಿರಬೇಕೆಂದು ನನಗೆ ಅನ್ನಿಸುವುದುಂಟು. ನನ್ನ ಮೊಲದ ಕೊಂಬನ್ನು ಕೊಂಡೊಯ್ದು ಹಿಂದಿರುಗಿಸುತ್ತಿಲ್ಲವೆಂಬುದು ‘ಅಪ್ರಸಿದ್ಧ’. ಲೋಕದಲ್ಲಿಲ್ಲದ ವಸ್ತುವಿಗೆ ಮೊಕದ್ದಮೆಯಿಲ್ಲ. ನನ್ನ ಮನೆಯ ದೀಪದ ಬೆಳಕಿನಲ್ಲಿ ನೆರೆಯವನು ತನ್ನ ಮನೆಯೊಳಗೆ ಕೆಲಸ ಮಾಡಿಕೊಳ್ಳುತ್ತಾನೆಂಬುದು ‘ನಿರಾಬಾಧ’. ಬೆಳಕು ಹೋಯಿತು, ನಷ್ಟವೇನೂ ಆಗಲಿಲ್ಲ. ಅರ್ಥವಿಲ್ಲದ ಅಕ್ಷರಗಳ ಗೊಂಚಲು ‘ನಿರರ್ಥ’. ದೇವದತ್ತನು ನಮ್ಮ ಮನೆಯ ಹತ್ತಿರ ಇಂಪಾದ ದನಿಯಲ್ಲಿ ಪಾಠ ಹೇಳಿಕೊಳ್ಳುತ್ತಾನೆಂಬುದು ‘ನಿಷ್ಪ್ರಯೋಜನ’. ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿ ನಕ್ಕನೆಂಬುದು ‘ಅಸಾಧ್ಯ’. ಹುಬ್ಬಿನ ಚಲನೆಗೆ ಪತ್ರವೆಲ್ಲಿ, ಸಾಕ್ಷಿಯೆಲ್ಲಿ? ಮೂಗನು ನನ್ನನ್ನು ಶಪಿಸಿದನೆಂಬುದು ‘ವಿರುದ್ಧ’. ಮಾತೇ ಮಾತನ್ನು ಕೊಲ್ಲುತ್ತದೆ. ಇಂದು ಏಳನೆಯ ಆದೇಶದ 11ನೆಯ ನಿಯಮದಂತೆ, ದಾವೆಗೆ ಕಾರಣವೇ ಇಲ್ಲದ ದಾವಾಪತ್ರವನ್ನು ನ್ಯಾಯಾಧೀಶರು ಹೊಸ್ತಿಲಲ್ಲೇ ತಿರಸ್ಕರಿಸತಕ್ಕದ್ದು. ಆ ನಿಯಮವು ವಾದಿಯ ಮೇಲೆ ಹೊರಿಸುವ ಹೊಣೆಯನ್ನು ವಿವರಿಸಲು ನಮ್ಮ ಕಾನೂನು ಶಾಲೆಗಳಲ್ಲಿ ಎಷ್ಟೋ ತಾಸು ಕಳೆಯುತ್ತಾರೆ. ದೀಪದ ಬೆಳಕಿನ ಮನೆಯವನನ್ನು ಒಮ್ಮೆ ಹುಡುಗರ ಮುಂದೆ ತಂದು ನಿಲ್ಲಿಸಿದರೆ ಕಾಲು ತಾಸು ಸಾಕೆಂದು ನನ್ನ ಎಣಿಕೆ. ಸಬ್ಬವರದಲ್ಲಿರುವ ದಾಮೋದರಂ ಸಂಜೀವಯ್ಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದರೆ ಇದನ್ನು ಪರೀಕ್ಷಿಸಿ ನೋಡಬಹುದು.

ಈಗ ಆಸೇಧದ ಮಾತು. ಪ್ರತಿವಾದಿಯು ಕರೆಗೆ ಬರುವ ಮೊದಲೇ ಜಾರಿಹೋದರೆ, ಅಥವಾ ವಿವಾದದ ವಸ್ತುವನ್ನು ಕೆಡಿಸಿಬಿಟ್ಟರೆ, ಗೆದ್ದರೂ ವಾದಿಗೆ ಸಿಕ್ಕುವುದು ಬರಿಗೈ. ಆದುದರಿಂದ ಅರಸನ ಆಜ್ಞೆಯಿಂದ ಅವನನ್ನು ತಡೆಯುವುದುಂಟು. ಸ್ಮೃತಿಕಾರನಾದ ನಾರದನು ನಾಲ್ಕು ಬಗೆಯ ತಡೆಗಳನ್ನು ಹೇಳುತ್ತಾನೆ: ಈ ಸ್ಥಳವನ್ನು ಬಿಡಬೇಡ, ಇಷ್ಟು ಕಾಲದೊಳಗೆ ಹೋಗಬೇಡ, ಪರದೇಶಕ್ಕೆ ಪ್ರಯಾಣ ಬೇಡ, ಈ ಕೆಲಸವನ್ನು ಮಾಡಬೇಡ. ಋಷಿಕೊಂಡದಲ್ಲಿ ಬಿದ್ದುದು ನಾಲ್ಕನೆಯದು. ಅಗೆತದ ಕೆಲಸಕ್ಕೆ ಕಟ್ಟಿದ ತಡೆ. ಇಲ್ಲಿಯವರೆಗೆ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಿರುವುದು ಮುಂದಿನ ಮಾತಿನಲ್ಲಿ. ಬಿತ್ತನೆಯ ಕಾಲದಲ್ಲಿ ಬೇಸಾಯಗಾರನನ್ನೂ, ದನ ಮೇಯಿಸುತ್ತಿರುವಾಗ ಗೋವಳನನ್ನೂ, ಕೈಯಲ್ಲಿ ಕೆಲಸ ಹಿಡಿದಿರುವಾಗ ಶಿಲ್ಪಿಯನ್ನೂ, ಯುದ್ಧದಲ್ಲಿರುವಾಗ ಯೋಧನನ್ನೂ, ಮದುವೆಗೆ ಹೊರಟವನನ್ನೂ, ರೋಗಿಯನ್ನೂ ತಡೆಯಕೂಡದು. ಹೊಳೆಯನ್ನು ದಾಟುತ್ತಿರುವಾಗಲೋ ಕಾಡಿನ ನಡುವೆಯೋ ತಡೆಗೆ ಸಿಕ್ಕಿದವನು ಅದನ್ನು ಮೀರಿ ಮುಂದೆ ಹೋದರೂ ಅಪರಾಧಿಯಲ್ಲ. ತಡೆಯೆಂಬ ಪದವು ಪ್ರತಿವಾದಿಯ ಕೈಕಾಲುಗಳನ್ನು ಕಟ್ಟುವ ಜೊತೆಯಲ್ಲೇ ತಡೆ ಕೇಳುವವನ ಬಾಯನ್ನೂ ಅಷ್ಟಿಷ್ಟು ಕಟ್ಟುತ್ತದೆ. ನಮ್ಮ ಕಚೇರಿಗಳ ಜಗಲಿಯಲ್ಲಿ ‘ಸ್ಟೇ ಸಿಕ್ಕಿತು’ ಎಂದು ಗೆಲುವಿನ ದನಿಯಲ್ಲಿ ಹೇಳುವುದನ್ನು ಕೇಳಿದಾಗ, ಬಿತ್ತನೆಯ ಹಂಗಾಮು ಯಾರ ನೆನಪಿಗೂ ಬಂದಂತೆ ಕಾಣುವುದಿಲ್ಲ.

ವ್ಯವಹಾರಕ್ಕೆ ನಾಲ್ಕು ಪಾದಗಳು. ಮೇಲೆ ಹೇಳಿದ ಭಾಷೆಯೇ ಮೊದಲನೆಯ ಪಾದ. ಎರಡನೆಯ ಪಾದ ಉತ್ತರ. ಪ್ರತಿವಾದಿಯು ಬಾಯಿಗೆ ಬಂದುದನ್ನೆಲ್ಲ ಹೇಳುವಂತಿಲ್ಲ. ಅವನಿಗೆ ನಾಲ್ಕೇ ದಾರಿಗಳು. ಹೌದೆಂದು ಒಪ್ಪಿಕೊಳ್ಳುವುದು ‘ಸಂಪ್ರತಿಪತ್ತಿ’. ಅಲ್ಲವೆನ್ನುವುದು ‘ಮಿಥ್ಯಾ’. ತೆಗೆದುಕೊಂಡುದು ನಿಜ, ಆದರೆ ತೀರಿಸಿದ್ದೇನೆ, ಅಥವಾ ಅದು ದಾನವಾಗಿ ಬಂದುದು, ಎಂದು ಒಪ್ಪಿಯೂ ತಪ್ಪಿಸಿಕೊಳ್ಳುವುದು ‘ಪ್ರತ್ಯವಸ್ಕಂದನ’, ಅಥವಾ ಕಾರಣೋತ್ತರ. ಇದೇ ವಿಷಯದಲ್ಲಿ ಇವನು ಹಿಂದೆ ನನ್ನೊಡನೆ ಸೋತಿದ್ದಾನೆ ಎನ್ನುವುದು ‘ಪ್ರಾಙ್ನ್ಯಾಯ’. ಮಿಥ್ಯೋತ್ತರವೊಂದರಲ್ಲೇ ಮತ್ತೆ ನಾಲ್ಕು ಮೆಟ್ಟಿಲುಗಳಿವೆ: ಇದು ಸುಳ್ಳು; ನನಗೆ ತಿಳಿಯದು; ಆಗ ನಾನು ಅಲ್ಲಿರಲಿಲ್ಲ; ಆಗ ನಾನು ಹುಟ್ಟಿಯೇ ಇರಲಿಲ್ಲ. ಮೇಲುನೋಟಕ್ಕೆ ಇದು ವಿನೋದದಂತೆ ಕಂಡರೂ, ಒಂದೊಂದು ಮೆಟ್ಟಿಲಲ್ಲಿಯೂ ಪ್ರತಿವಾದಿ ಹೆಚ್ಚು ಹೆಚ್ಚು ನಿರ್ದಿಷ್ಟನಾಗುತ್ತ ಹೋಗುತ್ತಾನೆಂಬುದನ್ನು ಗಮನಿಸಬೇಕು. ಸುಳ್ಳೆಂದವನು ಏನನ್ನೂ ಹೇಳಿದಂತಾಗಲಿಲ್ಲ. ಅಲ್ಲಿರಲಿಲ್ಲವೆಂದವನು ಎಲ್ಲಿದ್ದನೆಂಬುದನ್ನು ಹೇಳಬೇಕಾಗುತ್ತದೆ. ಹುಟ್ಟಿರಲಿಲ್ಲವೆಂದವನು ತನ್ನ ವಯಸ್ಸನ್ನೇ ಸಭೆಯ ಮುಂದೆ ಒಡ್ಡುತ್ತಾನೆ.

ಈ ವಿಂಗಡಣೆಯ ಪ್ರಯೋಜನ ಮೂರನೆಯ ಪಾದದಲ್ಲಿ ತಿಳಿಯುತ್ತದೆ. ಮೂರನೆಯ ಪಾದಕ್ಕೆ ‘ಕ್ರಿಯೆ’ಯೆಂದು ಹೆಸರು, ಅಂದರೆ ರುಜುವಾತು. ಯಾರು ರುಜುವಾತು ಕೊಡಬೇಕು? ಮಿಥ್ಯೋತ್ತರ ಬಂದರೆ ಭಾರ ವಾದಿಯದು. ಕಾರಣೋತ್ತರವೋ ಪ್ರಾಙ್ನ್ಯಾಯವೋ ಬಂದರೆ ಭಾರ ಹೊರಳಿ ಪ್ರತಿವಾದಿಯ ಹೆಗಲಿಗೇರುತ್ತದೆ. ತೀರಿಸಿದ್ದೇನೆಂದವನು ರಸೀತಿಯನ್ನು ತೋರಿಸಬೇಕು, ಹಿಂದೆ ಗೆದ್ದಿದ್ದೇನೆಂದವನು ಜಯಪತ್ರವನ್ನು ತೋರಿಸಬೇಕು. ಸಂಪ್ರತಿಪತ್ತಿ ಬಂದರೆ ಮೂರನೆಯ ಪಾದವೇ ಬೇಡ. ನಾಲ್ಕು ಕಾಲಿನ ವ್ಯವಹಾರ ಎರಡೇ ಕಾಲಿನದಾಗಿ ಅಲ್ಲಿಗೇ ಮುಗಿಯುತ್ತದೆ. ಹನ್ನೆರಡನೆಯ ಆದೇಶದ 6ನೆಯ ನಿಯಮದಂತೆ ಒಪ್ಪಿಗೆಯ ಮೇಲೆಯೇ ತೀರ್ಪು ಕೊಡುವ ಇಂದಿನ ನ್ಯಾಯಾಧೀಶರು ಈ ದ್ವಿಪಾದ ವ್ಯವಹಾರವನ್ನೇ ನಡೆಸುತ್ತಿದ್ದಾರೆ. ಹೀಗೆ, ಉತ್ತರದ ಹೆಸರನ್ನು ಹೇಳಿದೊಡನೆ ಮುಂದಿನ ಹೊಣೆ ಯಾರದೆಂಬುದು ತಾನಾಗಿಯೇ ಗೊತ್ತಾಗುವಂಥ ಪರಿಭಾಷೆಯಿದು. ಇಂದಿನ ಸಾಕ್ಷ್ಯಶಾಸನವೂ ರುಜುವಾತಿನ ಭಾರವನ್ನು ಹಂಚುತ್ತದೆ, ಬಹುಮಟ್ಟಿಗೆ ಇದೇ ರೀತಿಯಲ್ಲಿಯೇ ಹಂಚುತ್ತದೆ. ಆದರೆ ಹಂಚಿಕೆ ಒಂದು ಕಡೆ, ಉತ್ತರದ ಹೆಸರು ಇನ್ನೊಂದು ಕಡೆ ಇರುವುದರಿಂದ, ತಾನು ಕೊಟ್ಟ ಉತ್ತರ ತನ್ನ ಮೇಲೆಯೇ ಭಾರವನ್ನು ಎಳೆದುಕೊಂಡಿತೆಂಬುದು ಕಕ್ಷಿದಾರನಿಗೆ ಅನೇಕ ವೇಳೆ ತೀರ್ಪಿನ ದಿನವೇ ತಿಳಿಯುವುದು.

ಪ್ರಾಙ್ನ್ಯಾಯದ ವಿಷಯದಲ್ಲಿ ಒಂದು ಸಣ್ಣ ಇತಿಹಾಸವನ್ನು ಹೇಳದೆ ಮುಂದೆ ಹೋಗಲಾರೆ. 1916ರಲ್ಲಿ, ಶಿವಪರಸನ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ, ಒಮ್ಮೆ ತೀರ್ಮಾನವಾದುದನ್ನು ಮತ್ತೆ ಕೆದಕಬಾರದೆಂಬ ತತ್ತ್ವವು ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಚರ್ಚೆಗೆ ಬಂದಾಗ, ತೀರ್ಪನ್ನು ಹೇ‍ಳಿದ ಸರ್ ಲಾರೆನ್ಸ್ ಜೆಂಕಿನ್ಸರು, ಸಂಹಿತೆಯ ನಿಯಮ ಇಂಗ್ಲಿಷ್ ಮೂಲದಿಂದ ಬಂದುದಾದರೂ ಹಿಂದೂ ವ್ಯಾಖ್ಯಾನಕಾರರ ಆಶಯಕ್ಕೆ ಅದು ಹೊರತಾದುದಲ್ಲವೆಂದು ಹೇಳಿ, ವಿಜ್ಞಾನೇಶ್ವರ ಮತ್ತು ನೀಲಕಂಠರನ್ನು ಹೆಸರಿಸಿ, ಅವರಿಬ್ಬರೂ ಆಧಾರವಾಗಿ ಎತ್ತಿಕೊಂಡ ಸ್ಮೃತಿಕಾರ ಕಾತ್ಯಾಯನನ ಮಾತನ್ನು ತಮ್ಮ ತೀರ್ಪಿನೊಳಗೆ ಸೇರಿಸಿದರು. ಬಸವಕಲ್ಯಾಣದ ಗ್ರಂಥಕರ್ತನು ಎಂಟುನೂರು ವರ್ಷಗಳ ತರುವಾಯ ಥೇಮ್ಸ್ ನದಿಯ ದಡದಲ್ಲಿ ಆಸ್ತಿಪಾಲಿಗಾಗಿ ಅಲ್ಲದೆ ವ್ಯವಹಾರಕ್ರಮಕ್ಕಾಗಿ ಸ್ಮರಣೆಗೆ ಬಂದ ಸಂದರ್ಭ ಅದು. ಇಂದಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಪ್ರಕರಣವನ್ನು ವಿವರಿಸುವ ಪುಸ್ತಕಗಳಲ್ಲಿ ಆ ಮಾತು ಮರಳಿ ಮರಳಿ ಬರುತ್ತದೆ.

ಹಳೆಯದೆಲ್ಲ ಇಂದಿನದಕ್ಕೆ ಸಮವೆಂದು ನಾನು ಹೇಳುತ್ತಿಲ್ಲ. ಒಂದೇ ವಿಷಯಕ್ಕೆ ಎರಡು ಮೂರು ಬಗೆಯ ಉತ್ತರಗಳನ್ನು ಕಲಸಿ ಕೊಡುವುದನ್ನು ಮಿತಾಕ್ಷರೆಯು ಉತ್ತರಾಭಾಸವೆಂದು ತಳ್ಳುತ್ತದೆ. ಸಾಲ ತೆಗೆದುಕೊಂಡೇ ಇಲ್ಲ, ತೆಗೆದುಕೊಂಡಿದ್ದರೆ ತೀರಿಸಿದ್ದೇನೆ ಎಂಬಂಥ ಪ್ರತಿವಾದಪತ್ರವನ್ನು ಇಂದಿನ ಕಾನೂನು ಪರ್ಯಾಯ ರಕ್ಷಣೆಯೆಂದು ಸಹಿಸುತ್ತದೆ. ಕಾನೂನು ತಿಳಿಯದ ಬಡವನನ್ನು ಒಂದೇ ಉತ್ತರದ ಕಂಬಕ್ಕೆ ಕಟ್ಟಿಹಾಕದಿರುವುದು ಕರುಣೆಯ ಮಾರ್ಗವೇ. ಆದರೂ ಪರ್ಯಾಯಗಳ ಪೊದೆಯೊಳಗೆ ಸತ್ಯವು ಅಡಗಿ ಕೂರಲು ಈ ಕರುಣೆಯೇ ಎಡೆಮಾಡಿಕೊಟ್ಟಿದೆಯೆಂಬುದನ್ನು ಬಲ್ಲವರು ಬಲ್ಲರು. ಹಾಗೆಯೇ, ತನ್ನ ಮೇಲಿನ ಅಭಿಯೋಗವನ್ನು ತೀರಿಸಿಕೊಳ್ಳದೆ ಎದುರು ಅಭಿಯೋಗ ಹೂಡಬಾರದೆಂದೂ, ಜಗಳ ಮತ್ತು ‘ಸಾಹಸ’ವೆಂಬ ಬಲಾತ್ಕಾರದ ಅಪರಾಧಗಳಲ್ಲಿ ಮಾತ್ರ ಅದಕ್ಕೆ ಅವಕಾಶವೆಂದೂ ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ನಾವಾದರೋ 1976ರ ತಿದ್ದುಪಡಿಯಿಂದ ಪ್ರತಿದಾವೆಗೆ ಬಾಗಿಲನ್ನು ಅಗಲವಾಗಿ ತೆರೆದಿದ್ದೇವೆ. ಎರಡು ವ್ಯಾಜ್ಯಗಳನ್ನು ಒಂದೇ ಸಲ ಮುಗಿಸುವ ಈ ಅನುಕೂಲದಲ್ಲಿ ನಾನು ಹೊಸಬರ ಪಕ್ಷ.

ಕ್ರಿಯೆಯ ಸಾಧನಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಈ ಮೂರೂ ಇಲ್ಲದ ಕಡೆ ಮಾತ್ರ ‘ದಿವ್ಯ’. ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಸ್ಮೃತಿ ಹೇಳಿದರೆ, ಕಾದ ಗುಳವನ್ನು ಕೈಯಲ್ಲಿ ಹಿಡಿಯುವ ಫಾಲದಿವ್ಯದ ಮಾತು ನಮ್ಮ ಶಾಸನಗಳಲ್ಲಿ ಬರುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದು ನನಗೆ ಇಷ್ಟವಿಲ್ಲ. ಮನುಷ್ಯಪ್ರಮಾಣ ಸಿಕ್ಕುವಾಗ ದೈವಪ್ರಮಾಣಕ್ಕೆ ಎಡೆಯಿಲ್ಲವೆಂಬ ಗೆರೆಯನ್ನು ಗ್ರಂಥಕಾರರು ಎಳೆದಿದ್ದರೆಂಬುದಷ್ಟು ಸಾಕು. ಭುಕ್ತಿಯ ಮಾತು ಬೇರೆ. ಒಡೆಯನು ಕಣ್ಣೆದುರಿಗೆ ನೋಡುತ್ತ ಸುಮ್ಮನಿದ್ದರೆ, ನೆಲದಲ್ಲಿ ಇಪ್ಪತ್ತು ವರ್ಷ, ಧನದಲ್ಲಿ ಹತ್ತು ವರ್ಷ ಇತರನು ಅನುಭವಿಸಿದಾಗ ಹಾನಿಯುಂಟಾಗುತ್ತದೆಂದು ಯಾಜ್ಞವಲ್ಕ್ಯನ ಮಾತು. ಯಾವ ಹಾನಿ? ನೆಲವೇ ಹೋಗುತ್ತದೆಂದು ವಿಜ್ಞಾನೇಶ್ವರನು ಒಪ್ಪಲಿಲ್ಲ. ಅಷ್ಟು ವರ್ಷಗಳ ಫಲವನ್ನು ಕೇಳುವ ಹಕ್ಕು ಹೋಗುತ್ತದೆ, ನೆಲದ ಒಡೆತನ ಉಳಿಯುತ್ತದೆ ಎಂಬುದು ಆತನ ವ್ಯಾಖ್ಯಾನ. 1963ರ ಕಾಲಮಿತಿ ಶಾಸನದ 65ನೆಯ ಅನುಚ್ಛೇದದಂತೆ ಹನ್ನೆರಡು ವರ್ಷಗಳಲ್ಲಿ ಒಡೆತನವನ್ನೇ ಕಳೆದುಕೊಳ್ಳುವ ನಾವು, ಕಲ್ಯಾಣದ ಆ ವ್ಯಾಖ್ಯಾನಕಾರನನ್ನು ಕಠಿಣನೆಂದು ಕರೆಯುವಂತಿಲ್ಲ.

ವ್ಯವಹಾರದಲ್ಲಿ ತಪ್ಪಿ ನಡೆದವನಿಗೆ ‘ಹೀನ’ನೆಂದು ಹೆಸರು. ಐದು ಬಗೆಯವರು: ಮಾತು ಬದಲಿಸುವವನು, ಪ್ರಮಾಣವನ್ನು ದ್ವೇಷಿಸುವವನು, ಸಭೆಗೆ ಬಾರದವನು, ಬಂದೂ ಉತ್ತರ ಕೊಡದವನು, ಕರೆ ಬಂದೊಡನೆ ಓಡಿಹೋಗುವವನು. ಇವರಲ್ಲಿ ಒಬ್ಬನಾದರೂ ಇಂದು ಜಿಲ್ಲಾ ನ್ಯಾಯಾಲಯಗಳ ಮೊಕದ್ದಮೆಗಳ ಪಟ್ಟಿಯಲ್ಲಿ ಕಾಣದ ದಿನವಿಲ್ಲ. ಆದರೆ ಹೀನನಾದವನಿಗೆ ದಂಡವುಂಟು, ಹಸುವಿನ, ನೆಲದ, ಸಾಲದ ವ್ಯಾಜ್ಯಗಳಲ್ಲಿ ಅಷ್ಟರಿಂದಲೇ ಅವನ ಮೂಲದ ಹಕ್ಕು ಹೋಗುವುದಿಲ್ಲ, ಎಂಬ ನಾರದನ ವಿಧಿಯನ್ನು ಇದರ ಜೊತೆಗೇ ಓದಿಕೊಳ್ಳಬೇಕು. ನಡತೆಯ ತಪ್ಪಿಗೆ ನಡತೆಯ ದಂಡ. ಹಕ್ಕಿನ ತೀರ್ಮಾನ ಹಕ್ಕಿನ ಆಧಾರದಿಂದ. ಏಕಪಕ್ಷೀಯ ತೀರ್ಪಿನಿಂದ ಹೊಲ ಕಳೆದುಕೊಂಡು, ಅದನ್ನು ರದ್ದುಪಡಿಸುವ ಅರ್ಜಿಯ ಬೆನ್ನುಹತ್ತಿ ಅಲೆದವರಿಗೆ ಈ ಭೇದದ ಬೆಲೆ ಗೊತ್ತು.

ಹೊಣೆ ಕಕ್ಷಿಗಳಿಗೆ ಮಾತ್ರವೆಂದು ತಿಳಿಯಬಾರದು. ನ್ಯಾಯಾಧೀಶನಿಗೆ ‘ಪ್ರಾಡ್ವಿವಾಕ’ನೆಂದು ಹೆಸರು: ಮೊದಲು ಕೇಳಿ ತಿಳಿಯುವವನು, ಬಳಿಕ ಸಭೆಯ ಸದಸ್ಯರಾದ ಸಭ್ಯರೊಡನೆ ವಿವೇಚಿಸುವವನು. ಆ ಸಭ್ಯರು ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಸ್ಮೃತಿಗೆ ವಿರುದ್ಧವಾಗಿ ತೀರ್ಮಾನಿಸಿದರೆ, ವಿವಾದದಲ್ಲಿ ಸೋತವನು ತೆರುವ ದಂಡದ ಎರಡರಷ್ಟನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ತೆರಬೇಕು. ಇದರ ಮೇಲೆ ನಾನು ಟೀಕೆ ಮಾಡಲಾರೆ. ಸಭೆಯಲ್ಲಿ ನ್ಯಾಯಾಂಗದ ಹಿರಿಯರಿದ್ದಾರೆ.

ಹೀಗಿದ್ದ ಪರಿಭಾಷೆಯ ಮೇಲೆ ಪಾರಸಿಯ ಒಂದು ಪದರ ಬಂದು ಕುಳಿತಿತು, ಅದರ ಮೇಲೆ ಇಂಗ್ಲಿಷಿನ ಇನ್ನೊಂದು. ವಕೀಲ, ವಕಾಲತ್ತು, ಜಾಮೀನು, ಮಹಜರು, ಮುಚ್ಚಳಿಕೆ, ರಾಜಿ, ಅಸಲು, ನಕಲು, ಶಿರಸ್ತೇದಾರ. ಇವನ್ನು ಕನ್ನಡವಲ್ಲವೆನ್ನಲು ಈಗ ಯಾರಿಗೂ ಅಧಿಕಾರವಿಲ್ಲ, ತೆಲುಗಿನವರಿಗೂ ಇವುಗಳಲ್ಲಿ ಬಹುಪಾಲು ಮನೆಯ ಮಾತೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೂ ವಿಶಾಖಪಟ್ಟಣ ಹೊಸ ಆಂಧ್ರ ರಾಜ್ಯಕ್ಕೂ ಸೇರುವವರೆಗೆ ಎರಡೂ ಮದರಾಸಿನ ಆಡಳಿತದಲ್ಲೇ ಇದ್ದುವು. ಎರಡು ಕಡೆಯ ಕಕ್ಷಿದಾರರೂ ಒಂದೇ ನಮೂನೆಯ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದವರು. 2019ರ ಜನವರಿ 1ರಂದು ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ ಬೇರೆಯಾಗಿ, ವಿಜಯವಾಡದಲ್ಲಿ ಕೆಲವು ಕಾಲ ಕುಳಿತು, ಬಳಿಕ ಅಮರಾವತಿಯ ನೇಲಪಾಡಿಗೆ ಹೋದಾಗಲೂ ಈ ಪದಗಳು ಕಡತಗಳೊಡನೆಯೇ ಹೋದುವು. ಇವುಗಳಲ್ಲಿ ‘ವಾಯಿದೆ’ಯೆಂಬುದು ವಿಚಿತ್ರವಾದ ಪದ. ಮೂಲದಲ್ಲಿ ಅದು ಮಾತು ಕೊಡುವುದು. ಕಚೇರಿಯಲ್ಲಿ ಅದು ದಿನ ಮುಂದೂಡುವುದು. ಯಾವ ಕಕ್ಷಿಗೂ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಹದಿನೇಳನೆಯ ಆದೇಶದಲ್ಲಿ ಬರೆದಿದೆ, ಬರೆದೇ ಇದೆ. 2024ರ ಜುಲೈ 1ರಿಂದ ನಮ್ಮ ದಂಡಶಾಸನಗಳಿಗೂ ಸಾಕ್ಷ್ಯಶಾಸನಕ್ಕೂ ಸಂಸ್ಕೃತದ ಹೆಸರುಗಳು ಬಂದಿವೆ: ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ. ಮುಖಪುಟಕ್ಕೆ ಬಂದ ಸಂಸ್ಕೃತ ಒಳಗಿನ ಪುಟಗಳಿಗೆ ಬರಬೇಕೆಂಬುದು ನನ್ನ ಹಟವಲ್ಲ. ಸಾಲದ ರಸೀತಿಯನ್ನು ತಾನೇ ತೋರಿಸಬೇಕಾಗುತ್ತದೆಂಬುದು ಪ್ರತಿವಾದಿಗೆ ಉತ್ತರ ಬರೆಸುವ ದಿನವೇ ತಿಳಿಯುವಂಥ ಪದ ಸಿಕ್ಕಿದರೆ, ಅದು ಪಾರಸಿಯದಾದರೂ ಪಡುವಣ ಕಡಲಿನದಾದರೂ ನನಗೆ ಒಪ್ಪಿಗೆ.

ನಾಲ್ಕನೆಯ ಪಾದ ನಿರ್ಣಯ. ಅದನ್ನು ಬರೆದುಕೊಟ್ಟ ಪತ್ರ ‘ಜಯಪತ್ರ’. ವಾದಿಯ ಪಕ್ಷ, ಪ್ರತಿವಾದಿಯ ಉತ್ತರ, ನಡೆದ ಕ್ರಿಯೆ, ಕಡೆಗೆ ನಿರ್ಣಯ, ಈ ನಾಲ್ಕೂ ಅದರಲ್ಲಿರತಕ್ಕದ್ದು. ಮೊಕದ್ದಮೆಯ ಸಂಕ್ಷೇಪ, ತೀರ್ಮಾನಿಸಬೇಕಾದ ಅಂಶಗಳು, ತೀರ್ಮಾನ, ಅದಕ್ಕೆ ಕಾರಣಗಳು ಎಂದು ಇಪ್ಪತ್ತನೆಯ ಆದೇಶದ 4ನೆಯ ನಿಯಮ ಕೇಳುವುದೂ ಬಹುಮಟ್ಟಿಗೆ ಇವನ್ನೇ. ಗೆದ್ದವನ ಕೈಗೆ ಪತ್ರ ಬಂದೊಡನೆ ಪಾದಗಳು ಮುಗಿದುವು. ಅಲ್ಲಿಂದ ಮುಂದಕ್ಕೆ ಇಂದು ನಾವು ಬಳಸುವ ಪದಗಳೆಲ್ಲ ಬೇರೆ ಮನೆತನದವು: ಅಮಲ್ಜಾರಿ, ಜಪ್ತಿ, ಹರಾಜು, ಅಮೀನ, ಕಬ್ಜ. ಸ್ಮೃತಿಗಳಲ್ಲಿ ಸಾಲ ವಸೂಲಿಯ ಮಾರ್ಗಗಳು ಇಲ್ಲದೆ ಇಲ್ಲ. ಆದರೆ ಭಾಷೆಗೂ ಉತ್ತರಕ್ಕೂ ತೋರಿದ ಸೂಕ್ಷ್ಮವಾದ ಎಚ್ಚರವನ್ನು ಗ್ರಂಥಕಾರರು ಇಲ್ಲಿ ತೋರಲಿಲ್ಲವೆಂಬುದು ನನ್ನ ದೂರು. ಭಾರತದ ಕಕ್ಷಿದಾರನ ಕಷ್ಟಗಳು ಡಿಕ್ರಿ ಸಿಕ್ಕಿದ ಮೇಲೆ ಆರಂಭವಾಗುತ್ತವೆಂಬ ಆಶಯದ ಮಾತನ್ನು ಪ್ರಿವಿ ಕೌನ್ಸಿಲು 1872ರಲ್ಲೇ ದರ್ಭಂಗಾ ಸಂಸ್ಥಾನದ ಮೊಕದ್ದಮೆಯಲ್ಲಿ ಆಡಿತ್ತು. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಅದಕ್ಕಿಂತ ಹಳೆಯದಿರಬೇಕು. 2025ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಕಿಯಿರುವ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಎಲ್ಲ ಉಚ್ಚ ನ್ಯಾಯಾಲಯಗಳಿಗೆ ಹೇಳಿ, ಅಕ್ಟೋಬರಿನಲ್ಲಿ ಲೆಕ್ಕ ಕೇಳಿದಾಗ, ದೇಶದಲ್ಲಿ ಇನ್ನೂ 8,82,578 ಅರ್ಜಿಗಳು ಉಳಿದಿದ್ದುವು. ಆ ಲೆಕ್ಕದಲ್ಲಿ ಕರ್ನಾಟಕದ ಅಂಕಿಗಳು ಸೇರಿರಲಿಲ್ಲ. ವಿಜ್ಞಾನೇಶ್ವರನ ನಾಡಿನಿಂದ ಅವು ಆ ಹೊತ್ತಿಗೆ ಬಂದೇ ಇರಲಿಲ್ಲವಾದುದರಿಂದ ನ್ಯಾಯಾಲಯವು ಎರಡು ವಾರಗಳೊಳಗೆ ಸಮಜಾಯಿಷಿ ಕೊಡುವಂತೆ ಹೇಳಬೇಕಾಯಿತು.